ಪಾಠ ಕೂರುವ ಜಾಗ, ಭಯ ಕೂರುವ ಜಾಗ

ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಸಂಜೆ ನಡೆದು ಹೋದರೆ ಯಾವುದಾದರೊಂದು ಮನೆಯಿಂದ ಸರಳೆ ವರಸೆ ಕೇಳಿಸುತ್ತದೆ. ಮಾಯಾಮಾಳವಗೌಳ, ಆದಿತಾಳ, ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ಮೊದಲ ವಾರ ಸ್ವರ ಹಿಡಿದರೆ ತಾಳ ಬಿಡುತ್ತಿದ್ದ ಮಗು ತಿಂಗಳೆರಡು ಕಳೆಯುವಷ್ಟರಲ್ಲಿ ಕಿಟಕಿಯಾಚೆ ನೋಡುತ್ತಲೇ ಹಾಡುತ್ತದೆ. ಅದರ ತಲೆಯೊಳಗೆ ಬದಲಾಗಿದ್ದೇನು?

ಹಿಂದಿನ ಅಧ್ಯಾಯದಲ್ಲಿ ನರಕೋಶವನ್ನು ಕಂಡೆವು. ಕಲಿತಾಗ ಮುಖ್ಯವಾಗಿ ಬದಲಾಗುವುದು ಅವು ಒಂದನ್ನೊಂದು ಸಂಧಿಸುವ ಜಾಗ. ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್‌ನಲ್ಲಿ ಅವುಗಳ ನಡುವೆ ಸಣ್ಣ ಸಂದು ಇರುತ್ತದೆ, ಮಿಲಿಮೀಟರಿನ ಸುಮಾರು 50,000ದಲ್ಲಿ ಒಂದು ಪಾಲು. ಈಚೆಯ ಕೋಶ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸುರಿಸುತ್ತದೆ, ಆಚೆಯ ಕೋಶದ ಗ್ರಾಹಕಗಳು ಹಿಡಿಯುತ್ತವೆ. ಆಂಪಾ ಎಂಬ ಗ್ರಾಹಕ ಗ್ಲುಟಮೇಟ್ ತಗುಲಿದೊಡನೆ ತೆರೆಯುತ್ತದೆ. ಎನ್‌ಎಂಡಿಎ ಗ್ರಾಹಕದ ಬಾಯಲ್ಲಿ ಮಾತ್ರ ಮೆಗ್ನೀಷಿಯಂ ಬಿರಡೆಯಂತೆ ಕೂತಿರುತ್ತದೆ. ಗ್ಲುಟಮೇಟ್ ಬರುವ ಹೊತ್ತಿಗೇ ಆಚೆಯ ಕೋಶವೂ ಚುರುಕಾಗಿದ್ದರೆ ಆ ಬಿರಡೆ ಕಳಚಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದು ಎಬ್ಬಿಸುವ ಕಿಣ್ವಗಳು ಇನ್ನಷ್ಟು ಆಂಪಾ ಗ್ರಾಹಕಗಳನ್ನು ಅಲ್ಲಿಗೆ ತಂದು ಕೂರಿಸುತ್ತವೆ. ಮುಂದಿನ ಸಲ ಅಷ್ಟೇ ಗ್ಲುಟಮೇಟಿಗೆ ಸಿಗುವ ಉತ್ತರ ಜೋರಾಗಿರುತ್ತದೆ. ಕ್ಯಾಲ್ಸಿಯಂ ಮೆಲ್ಲಗೆ, ಹೆಚ್ಚು ಹೊತ್ತು ಜಿನುಗಿದರೆ ಗ್ರಾಹಕಗಳು ಕಡಿಮೆಯಾಗಿ ಸಿನಾಪ್ಸ್ ಸಡಿಲವಾಗುವುದೂ ಉಂಟು. ಮೊದಲು ಹೇಳಿದ ಬಲವರ್ಧನೆಯನ್ನು ಬ್ಲಿಸ್ ಮತ್ತು ಲೋಮೋ ಎಂಬ ವಿಜ್ಞಾನಿಗಳು ಮೊಲದ ಮಿದುಳಿನ ಭಾಗವಾದ ಹಿಪ್ಪೋಕ್ಯಾಂಪಸ್‌ನಲ್ಲಿ ಕಂಡು 1973ರಲ್ಲಿ ಪ್ರಕಟಿಸಿದರು. ಗಂಟೆಗಟ್ಟಲೆ ಅದು ಇಳಿದಿರಲಿಲ್ಲ.

ಭಯವೂ ಒಂದು ಕಲಿಕೆಯೇ. ಅಮಿಗ್ಡಲಾ ಎಂಬ ಭಾಗದಲ್ಲಿ ಅದು ಇಂಥದೇ ದಾರಿಯಲ್ಲಿ ನೆಲೆಯೂರುತ್ತದೆ. ಒತ್ತಡ ಈ ಭಾಗವನ್ನು ಹೇಗೆ ಬದಲಿಸುತ್ತದೆ ಎಂಬ ಬಗ್ಗೆ ಬಹು ಮುಖ್ಯವಾದ ಕೆಲಸ ನಡೆದದ್ದು ನಮ್ಮೂರು ಬೆಂಗಳೂರಲ್ಲೇ, ಬಳ್ಳಾರಿ ರಸ್ತೆಯ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿಯವರ ಪ್ರಯೋಗಾಲಯದಲ್ಲಿ. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡಲು ಬಿಡದೆ ಒತ್ತಡಕ್ಕೆ ಗುರಿಮಾಡಿದರು. 2002ರಲ್ಲಿ ಬಂದ ಫಲಿತಾಂಶ ನನಗೆ ಇಂದಿಗೂ ಬೆರಗು: ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಮುದುಡಿದ್ದವು, ಅಮಿಗ್ಡಲಾದಲ್ಲಿ ಹಬ್ಬಿ ಬೆಳೆದಿದ್ದವು. ಒಂದೇ ಒತ್ತಡ, ಒಂದೇ ಮಿದುಳು, ಎದುರುಬದುರು ಪರಿಣಾಮ. 2005ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಒಂದೇ ಒಂದು ಸಲ, 2 ಗಂಟೆಯ ಒತ್ತಡ. ಮರುದಿನ ಅಮಿಗ್ಡಲಾದಲ್ಲಿ ಏನೂ ಕಾಣಲಿಲ್ಲ. 10 ದಿನ ಕಳೆದ ಮೇಲೆ ನೋಡಿದರೆ ಸಿನಾಪ್ಸ್‌ಗೆ ನೆಲೆಯಾಗುವ ಪುಟ್ಟ ಮೊಳಕೆಗಳು ಹೆಚ್ಚಿದ್ದವು. ಇಲಿಗಳ ಅಂಜಿಕೆಯೂ ಹೆಚ್ಚಿತ್ತು.

ಇಲಿಯ ಮಾತು ಮಗುವಿಗೆ ಹಾಗೇ ಹೊಂದುತ್ತದೆ ಎನ್ನಲಾಗದು. ಆದರೂ ಮಗ್ಗಿ ತಪ್ಪಿದ್ದಕ್ಕೆ, ತಾಳ ತಪ್ಪಿದ್ದಕ್ಕೆ ಬೆರಳ ಗೆಣ್ಣಿಗೆ ಪೆಟ್ಟು ತಿಂದ ನನ್ನ ಓರಗೆಯವರನ್ನು ಕೇಳಿ ನೋಡಿ: ಯಾವ ವರಸೆ ಎಂಬುದು ಮರೆತಿದೆ, ಕೋಲು ಎಲ್ಲಿ ಇರುತ್ತಿತ್ತು ಎಂಬುದು ಮರೆತಿಲ್ಲ. ಮಗುವನ್ನು ಕೂರಿಸಿಕೊಂಡು ಪಾಠ ಹೇಳುವವರೆಲ್ಲ ಆ ಪ್ರಯೋಗಾಲಯದ 2004ರ ಫಲಿತಾಂಶವನ್ನೂ ತಿಳಿದಿರಬೇಕು. 10 ದಿನಗಳ ಒತ್ತಡ ನಿಲ್ಲಿಸಿ ಇಲಿಗಳನ್ನು 21 ದಿನ ನೆಮ್ಮದಿಯಾಗಿ ಬಿಟ್ಟರು. ಹಿಪ್ಪೋಕ್ಯಾಂಪಸ್‌ನ ಕವಲುಗಳು ಚೇತರಿಸಿಕೊಂಡವು. ಅಮಿಗ್ಡಲಾದಲ್ಲಿ ಬೆಳೆದದ್ದು ಹಾಗೇ ಉಳಿದಿತ್ತು.