ಕ್ಯಾಮರಾ ಮತ್ತು ಮಸೂರ: ಕೂಡಿಸಿಡುವುದೇ, ಬೇರ್ಪಡಿಸಿಡುವುದೇ?

ನಮ್ಮ ಶಾಲೆಯ ಪುಸ್ತಕಭಂಡಾರದ ಕಪಾಟಿನಲ್ಲಿ ಒಂದು ಕ್ಯಾಮರಾ ಇರುವುದನ್ನು ಮಕ್ಕಳೆಲ್ಲರೂ ಬಲ್ಲರು. ಹಳೆಯ ವಿದ್ಯಾರ್ಥಿಗಳು ಕೈಗೂಡಿಸಿ ಶಾಲೆಗೆ ಒಪ್ಪಿಸಿದ ಕಾಣಿಕೆಯದು. ಕಳೆದ ಮಳೆಗಾಲ ಕಳೆದ ಬಳಿಕ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು, “ಉಪಯೋಗವಿಲ್ಲದಾಗ ಕ್ಯಾಮರಾವನ್ನು ಮಸೂರದೊಡನೆಯೇ ಇಡಬೇಕೋ, ಮಸೂರವನ್ನು ಕಳಚಿ ಬೇರೆಯಾಗಿ ಇಡಬೇಕೋ?” ಎಂದು ನಮ್ಮನ್ನು ಕೇಳಿದನು. ಪ್ರಶ್ನೆ ಸಣ್ಣದಾಗಿ ತೋರಬಹುದು. ಆದರೆ ಇಂತಹ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಿಕೊಳ್ಳದೆ ಹೋದುದರಿಂದ ನಮಗೆ ಒದಗಿದ ನಷ್ಟವು ಸಣ್ಣದಲ್ಲ. ಅದನ್ನು ಮುಂದೆ ಹೇಳುವೆವು. ಮೊದಲು ವಿಷಯವನ್ನು ತಿಳಿಯೋಣ.

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಂದು ಅನೇಕ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ 3ರಂತಹ ಪೆಟ್ಟಿಗೆ ಕ್ಯಾಮರಾಗಳಲ್ಲಿ ಮಸೂರವು ಪೆಟ್ಟಿಗೆಗೆ ಅಂಟಿಕೊಂಡೇ ಇರುತ್ತಿದ್ದಿತು. ಕಳಚುವ ಮಾತೇ ಇಲ್ಲ. ಜರ್ಮನಿಯ ಲೈಕಾ ಕ್ಯಾಮರಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. 1930ರ ಹೊತ್ತಿಗೆ ತಿರುಪಿನಿಂದ ಕಳಚಿ ಬೇರೊಂದನ್ನು ಜೋಡಿಸಬಹುದಾದ ಮಸೂರಗಳು ಅದಕ್ಕೆ ದೊರೆತವು. 1959ರಲ್ಲಿ ಜಪಾನಿನ ನಿಕಾನ್ ಎಫ್ ಬಂದಿತು. ಅದರ ಮಸೂರವನ್ನು ಸ್ವಲ್ಪ ತಿರುಗಿಸಿದರೆ ಸಾಕು, ಬೀಗದಂತೆ ಕೂಡಿಕೊಳ್ಳುತ್ತದೆ. ನಮ್ಮ ಶಾಲೆಯ ಕ್ಯಾಮರಾದ ಜೋಡಣೆಯೂ ಇದೇ ಬಗೆಯದು.

ಈ ಜೋಡಣೆಯ ಬಾಯಿ ಬಹಳ ಸೂಕ್ಷ್ಮವಾದ ಭಾಗ. ಮಸೂರವು ಕುಳಿತುಕೊಳ್ಳುವ ಉಂಗುರದಿಂದ ಒಳಗೆ ಚಿತ್ರ ಮೂಡುವ ಫಲಕದವರೆಗಿನ ದೂರವು ನಿಕಾನ್ ಎಫ್ ಬಗೆಯಲ್ಲಿ 46.5 ಮಿಲಿಮೀಟರು, ಕ್ಯಾನನ್ ಇಎಫ್ ಬಗೆಯಲ್ಲಿ 44 ಮಿಲಿಮೀಟರು. ಉಂಗುರವು ಕೂದಲೆಳೆಯಷ್ಟು ಓರೆಯಾದರೂ ಚಿತ್ರದ ಒಂದು ಪಕ್ಕ ಸ್ಪಷ್ಟವಾಗಿಯೂ ಇನ್ನೊಂದು ಪಕ್ಕ ಮಸುಕಾಗಿಯೂ ಬರಬಹುದು. ಆದುದರಿಂದ ಈ ಬಾಯಿಗೆ ಪೆಟ್ಟು ಬೀಳಬಾರದು; ಅದರೊಳಕ್ಕೆ ಧೂಳು ಹೋಗಬಾರದು. ನಮ್ಮ ಪ್ರಶ್ನೆಗೆ ಉತ್ತರವನ್ನು ಈ ಎರಡು ಮಾತುಗಳಿಂದಲೇ ಹುಡುಕಬೇಕು.

ಕೂಡಿಸಿಡುವುದರ ಗುಣವೇನು? ಮಸೂರವು ತನ್ನ ಸ್ಥಾನದಲ್ಲಿದ್ದರೆ ಕ್ಯಾಮರಾದ ಬಾಯಿ ಮುಚ್ಚಿರುತ್ತದೆ. ಪ್ರತಿಸಲ ಕಳಚಿದಾಗಲೂ ಸ್ವಲ್ಪ ಗಾಳಿ, ಗಾಳಿಯೊಡನೆ ಸ್ವಲ್ಪ ಧೂಳು ಒಳಹೊಗುತ್ತವೆ. ಒಳಗಿನ ಸೆನ್ಸರ್ ಎಂಬ ಫಲಕದ ಮೇಲೆ ಕುಳಿತ ಒಂದು ಕಣವು ಮುಂದೆ ತೆಗೆಯುವ ಚಿತ್ರಗಳಲ್ಲೆಲ್ಲ ಒಂದೇ ಎಡೆಯಲ್ಲಿ ಕಪ್ಪು ಚುಕ್ಕೆಯಾಗಿ ಕಾಣಬಹುದು. 2008ರಿಂದ ಪ್ರಚಾರಕ್ಕೆ ಬಂದ ಕನ್ನಡಿಯಿಲ್ಲದ ಕ್ಯಾಮರಾಗಳಲ್ಲಿ ಈ ಭಯ ಇನ್ನೂ ಹೆಚ್ಚು. ಅವುಗಳಲ್ಲಿ ಹಲವಕ್ಕೆ ಮಸೂರವನ್ನು ತೆಗೆದೊಡನೆ ಫಲಕವು ನೇರವಾಗಿ ಹೊರಗಾಳಿಗೆ ತೆರೆದುಕೊಳ್ಳುತ್ತದೆ. ಇದಲ್ಲದೆ ಕಳಚುವ ಜೋಡಿಸುವ ಅವಸರದಲ್ಲಿಯೇ ಮಸೂರವು ಕೈಜಾರಿ ಬೀಳುವುದುಂಟು.

ಬೇರ್ಪಡಿಸಿಡುವುದರ ಗುಣವೇನು? ಭಾರವಾದ ಉದ್ದನೆಯ ಮಸೂರವು ಕ್ಯಾಮರಾಕ್ಕೆ ತೂಗಿಕೊಂಡಿದ್ದರೆ ಅದರ ಭಾರವೆಲ್ಲ ಆ ಉಂಗುರದ ಮೇಲೆಯೇ ಬೀಳುತ್ತದೆ. ಕಪಾಟಿನಲ್ಲಿ ನಿಶ್ಚಲವಾಗಿದ್ದಾಗ ಇದರಿಂದ ದೊಡ್ಡ ಅಪಾಯವಿಲ್ಲ. ಆದರೆ ಬಸ್ಸಿನಲ್ಲಿಯೋ ಜೀಪಿನಲ್ಲಿಯೋ ಘಟ್ಟದ ದಾರಿಯಲ್ಲಿ ಕುಲುಕಾಡುತ್ತ ಹೋಗುವಾಗ, ಚೀಲವು ಎತ್ತರದಿಂದ ಬಿದ್ದಾಗ, ಉದ್ದದ ಮಸೂರವು ಸನ್ನೆಕೋಲಿನಂತೆ ಉಂಗುರವನ್ನು ಮೀಟುತ್ತದೆ. ತಿಂಗಳುಗಟ್ಟಲೆ ಉಪಯೋಗವಿಲ್ಲದಾಗ ಬೇರ್ಪಡಿಸಿದರೆ ಚಿಕ್ಕ ಡಬ್ಬಿಗಳಲ್ಲಿ ಅಡಕವಾಗಿಯೂ ಇಡಬಹುದು. ಆದರೆ ಬೇರ್ಪಡಿಸುವವರು ಮರೆಯಬಾರದ ನಿಯಮವೊಂದಿದೆ: ಕ್ಯಾಮರಾದ ಬಾಯಿಗೆ ಒಂದು ಮುಚ್ಚಳ, ಮಸೂರದ ಹಿಂಬದಿಗೆ ಒಂದು, ಮುಂಬದಿಗೆ ಒಂದು, ಹೀಗೆ ಮೂರು ಮುಚ್ಚಳಗಳೂ ಇರಲೇಬೇಕು. ಒಂದು ಇಲ್ಲದಿದ್ದರೂ ಕಳಚುವುದಕ್ಕಿಂತ ಕಳಚದಿರುವುದೇ ಮೇಲು.

ಇವುಗಳನ್ನು ತೂಗಿ ನೋಡಿದರೆ ನಿರ್ಣಯವು ಹೀಗೆ: ವಾರಕ್ಕೋ ತಿಂಗಳಿಗೋ ಒಮ್ಮೆ ಉಪಯೋಗಿಸುವ ಕ್ಯಾಮರಾವನ್ನು ಸಾಮಾನ್ಯ ಗಾತ್ರದ ಮಸೂರದೊಡನೆ ಕೂಡಿಸಿಯೇ ಇಡಬಹುದು. ಭಾರವಾದ ಮಸೂರವಾದರೆ, ದೂರದ ಪ್ರಯಾಣವಾದರೆ, ದೀರ್ಘಕಾಲ ಮುಟ್ಟದೆ ಇಡುವುದಾದರೆ ಮುಚ್ಚಳಗಳನ್ನು ಹಾಕಿ ಬೇರ್ಪಡಿಸುವುದು ಲೇಸು. ಎರಡರಲ್ಲಿ ಯಾವುದೂ ಮಹಾಪರಾಧವಲ್ಲ.

ಹಾಗಾದರೆ ನಮಗೆ ನಷ್ಟವಾದುದು ಹೇಗೆ? ಕೂಡಿಸಿಟ್ಟುದರಿಂದಲ್ಲ, ಎಲ್ಲಿ ಇಟ್ಟೆವೆಂಬುದರಿಂದ. ನಮ್ಮ ಕಾಸರಗೋಡಿನ ನೆಲದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಆಟಿ ತಿಂಗಳಿನಲ್ಲಿ ಪೆಟ್ಟಿಗೆಯೊಳಗಿನ ಪಟ್ಟೆಸೀರೆಗೆ, ಗೋಡೆಯ ಮೇಲಿನ ಪಟಕ್ಕೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವುದನ್ನು ಎಲ್ಲ ತಾಯಂದಿರೂ ಬಲ್ಲರು. ಅದೇ ಬೂಷ್ಟು ಗಾಜಿಗೂ ಹಿಡಿಯುತ್ತದೆಂಬುದನ್ನು ನಾವು ಎಣಿಸಿರಲಿಲ್ಲ. ಕ್ಯಾಮರಾವನ್ನು ಜೋಪಾನ ಮಾಡುತ್ತಿದ್ದೇವೆಂಬ ನಂಬಿಕೆಯಿಂದಲೇ ಚರ್ಮದ ಚೀಲದಲ್ಲಿ ಹಾಕಿ, ಮರದ ಕಪಾಟಿನಲ್ಲಿ ಬೀಗವಿಕ್ಕಿ, ಜೂನಿನಿಂದ ನವರಾತ್ರಿಯವರೆಗೆ ತೆರೆಯದೆ ಇಟ್ಟೆವು.

ಬೂಷ್ಟಿನ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇವೆ. ಅವು ಮೊಳೆಯುವುದಕ್ಕೆ ತೇವ ಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 70ನ್ನು ಮೀರಿ ಬಹುದಿನ ನಿಂತರೆ ಅವುಗಳಿಗೆ ಹಬ್ಬ. ಆಹಾರಕ್ಕೆ ಬೆರಳಿನ ಎಣ್ಣೆಯ ಗುರುತು, ಧೂಳಿನ ಕಣ, ಮಸೂರದೊಳಗಿನ ಜಿಡ್ಡು ಇಷ್ಟೇ ಸಾಕು. ಕತ್ತಲೆಯೂ ಅಲುಗದ ಗಾಳಿಯೂ ಸೇರಿದರೆ ಜೇಡನ ಬಲೆಯಂತಹ ನೂಲುಗಳು ಗಾಜಿನ ಮೇಲೆ ಹರಡುತ್ತವೆ. ಅವು ಸ್ರವಿಸುವ ಆಮ್ಲವು ಮಸೂರದ ಮೇಲಿನ ತೆಳುಲೇಪವನ್ನೂ ಕೊನೆಗೆ ಗಾಜನ್ನೂ ತಿನ್ನುತ್ತದೆ. ಆಮೇಲೆ ಒರೆಸಿದರೂ ಗಾಯದ ಕಲೆ ಹೋಗದು. ಮಸೂರವು ಕ್ಯಾಮರಾದಲ್ಲಿದ್ದರೂ ಸರಿಯೇ, ಬೇರೆಯಾಗಿದ್ದರೂ ಸರಿಯೇ, ತೇವಕ್ಕೆ ಭೇದವಿಲ್ಲ.

ಶಾಲೆಯ ವಾರ್ಷಿಕೋತ್ಸವಕ್ಕೆ 1956ರಲ್ಲಿ ಇಲ್ಲಿ ಒಂದನೆಯ ತರಗತಿ ಕಲಿತ ಹಿರಿಯರನ್ನು ಆಮಂತ್ರಿಸಿದ್ದೆವು. ಅದೇ ವರ್ಷ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿತು. ಬೆಂಚು ಬದಲಾಗಲಿಲ್ಲ, ಪಾಠದ ಭಾಷೆ ಬದಲಾಗಲಿಲ್ಲ, ರಾಜ್ಯ ಮಾತ್ರ ಬದಲಾಯಿತೆಂದು ಅವರು ಮಕ್ಕಳಿಗೆ ನಗುತ್ತ ಹೇಳಿದರು. ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ಕುಳ್ಳಿರಿಸಿ ಚಿತ್ರ ತೆಗೆದೆವು. ಸಂಜೆಯ ಬಿಸಿಲು ಎದುರಿಗಿದ್ದಿತು. ಚಿತ್ರವನ್ನು ದೊಡ್ಡದಾಗಿ ನೋಡಿದಾಗ ಮುಖಗಳ ಮೇಲೆಲ್ಲ ಮಂಜು ಕವಿದಂತೆ ಇದ್ದಿತು. ಮಸೂರವನ್ನು ದೀಪಕ್ಕೆ ಹಿಡಿದು ನೋಡಿದಾಗಲೇ ಒಳಗಿನ ಬಲೆ ಕಾಣಿಸಿದುದು. ಇನ್ನೊಮ್ಮೆ ಎಲ್ಲರನ್ನೂ ಕರೆಯೋಣವೆಂದುಕೊಂಡೆವು. ಅಷ್ಟರಲ್ಲಿ ಆ ಸಾಲಿನ ಒಬ್ಬರು ತೀರಿಕೊಂಡರು. ಅವರ ಮನೆಯವರು ಚಿತ್ರದ ಪ್ರತಿಯನ್ನು ಕೇಳಿದಾಗ ಆ ಮಂಜಿನ ಚಿತ್ರವನ್ನೇ ಕೊಡಬೇಕಾಯಿತು. ಅವರು ಏನೂ ಆಡಲಿಲ್ಲ. ನಮಗೆ ಮಾತ್ರ ತಲೆ ತಗ್ಗಿತು.

ಈಗ ನಾವು ಅನುಸರಿಸುತ್ತಿರುವ ಕ್ರಮವನ್ನು ಹೇಳುವೆವು. ಇದು ಯಾವ ಮನೆಯಲ್ಲಿಯೂ ಸಾಧ್ಯವಾದುದು. ಗಾಳಿಯಾಡದಂತೆ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದೆವು. ಅದರೊಳಗೆ ಸಿಲಿಕಾ ಜೆಲ್ ಎಂಬ ತೇವಹೀರುವ ಹರಳುಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಟ್ಟೆವು. ಹತ್ತು ಲೀಟರು ಹಿಡಿಯುವ ಡಬ್ಬಿಗೆ ನೂರು ಗ್ರಾಂ ಹಾಕಿದ್ದೇವೆ. ಕಿತ್ತಳೆ ಬಣ್ಣದ ಹರಳುಗಳು ತೇವ ತುಂಬಿದಾಗ ಹಸುರಾಗುತ್ತವೆ. ಆಗ ಅವನ್ನು ಸುಮಾರು 110ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತವೆ. ಈ ಕೆಲಸವನ್ನು ದೊಡ್ಡವರೇ ಮಾಡಬೇಕು. ಅಡುಗೆಯ ಪಾತ್ರೆಯನ್ನು ಇದಕ್ಕೆ ಬಳಸಕೂಡದು. ಜೊತೆಗೆ ಆರ್ದ್ರತೆಯನ್ನು ತೋರಿಸುವ ಚಿಕ್ಕ ಮಾಪಕವೊಂದನ್ನು ಇಟ್ಟಿದ್ದೇವೆ. ಅದರ ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಂತರೆ ಕ್ಷೇಮ. ತೀರ ಒಣಗಿದರೂ ಒಳಗಿನ ಜಿಡ್ಡಿಗೆ ಒಳಿತಲ್ಲ.

ಕೆಲವರು ಅಕ್ಕಿಯ ಡಬ್ಬಿಯಲ್ಲಿ ಹೂತಿಡುವುದುಂಟು. ಅಕ್ಕಿ ಹೀರುವ ತೇವ ಅಲ್ಪ. ಅದರ ಹುಡಿಯು ಬೂಷ್ಟಿಗೆ ಊಟವಾದೀತು. ನುಸಿಗುಳಿಗೆಯು ಕೀಟಗಳಿಗೆ ಮದ್ದೇ ಹೊರತು ತೇವಕ್ಕೆ ಮದ್ದಲ್ಲ. ಚರ್ಮದ ಚೀಲವು ಪ್ರಯಾಣಕ್ಕಿರಲಿ. ಮಳೆಗಾಲದ ವಾಸಕ್ಕೆ ಬೇಡ. ಬ್ಯಾಟರಿಯನ್ನು ತೆಗೆದು ಬೇರೆಯಿಡಬೇಕು. ಲಿಥಿಯಂ ಬ್ಯಾಟರಿಯಾದರೆ ಪೂರ್ತಿ ತುಂಬಿಸದೆ ಪೂರ್ತಿ ಬರಿದಾಗಿಸದೆ ಅರ್ಧದಷ್ಟಿರಿಸಬೇಕು. ಮಸೂರವನ್ನು ಬಿಸಿಲಿನಲ್ಲಿ ಒಣಗಿಸುವೆವೆಂದು ಸೂರ್ಯನಿಗೆ ನೇರ ಹಿಡಿಯಲೇಕೂಡದು. ಭೂತಗನ್ನಡಿಯಂತೆ ಅದು ಕಿರಣಗಳನ್ನು ಒಂದೆಡೆ ಸೇರಿಸಿ ಸುಟ್ಟೀತು.

ಎಲ್ಲಕ್ಕಿಂತ ಸುಲಭವಾದ ಮದ್ದೊಂದಿದೆ, ಅದು ಉಪಯೋಗಿಸುವುದು. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ನಾಲ್ಕು ಚಿತ್ರ ತೆಗೆದರೆ ಗಾಳಿ ಬೆಳಕುಗಳು ಸೋಕುತ್ತವೆ. ರೋಗವಿದ್ದರೆ ಆರಂಭದಲ್ಲಿಯೇ ಕಾಣುತ್ತದೆ. ಅಡಿಕೆ ತೋಟದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗ ಬಂದು ಕಾಯಿ ಉದುರಿದ ಮೇಲೆ ಮದ್ದು ಬಿಟ್ಟರೆ ಉದುರಿದ ಕಾಯಿ ಮರವೇರದು. ಮಳೆಗೆ ಮುಂಚಿತವಾಗಿಯೇ ಬಿಡಬೇಕು.

ಈ ವರ್ಷದಿಂದ ಒಂಬತ್ತನೆಯ ತರಗತಿಯ ಮಕ್ಕಳು ಸರದಿಯಂತೆ ಆ ಡಬ್ಬಿಯನ್ನು ತೆರೆದು ಹರಳಿನ ಬಣ್ಣವನ್ನೂ ಮಾಪಕದ ಅಂಕವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಆ ಹದಿನೈದು ದಿನಗಳ ಅಭ್ಯಾಸಕ್ಕಾಗಿ ಅವರು ತೆಗೆಯುವುದು ತಮ್ಮ ಅಜ್ಜ ಅಜ್ಜಿಯರ ಚಿತ್ರಗಳನ್ನು, ಶಾಲೆಯ ಹಳೆಯ ಹಾಜರಿ ಪುಸ್ತಕಗಳ ಪುಟಗಳನ್ನು. ಪೋಷಕರು ತಮ್ಮ ಮನೆಯಲ್ಲಿರುವ ಹಳೆಯ ಪಟಗಳನ್ನು ಒಂದು ದಿನದ ಮಟ್ಟಿಗೆ ಶಾಲೆಗೆ ಕಳುಹಿಸಿದರೆ ಅವುಗಳ ಪ್ರತಿ ತೆಗೆದು ಜಾಗರೂಕತೆಯಿಂದ ಹಿಂದಿರುಗಿಸುವೆವು. ಆ 1956ರ ತರಗತಿಯ ಉಳಿದ ಹಿರಿಯರಿಗೂ ಮರಳಿ ಆಮಂತ್ರಣ ಕಳುಹಿಸಿದ್ದೇವೆ. ಈ ಸಲ ಮಳೆ ಬರುವ ಮೊದಲೇ ಬರಬೇಕೆಂದು ಬಿನ್ನವಿಸಿದ್ದೇವೆ.