ಆರು ಮೂಟೆಗೆ ಒಂದು ಮೂಟೆ

ಜಗತ್ತು ವರ್ಷಕ್ಕೆ ಬೆಳೆಯುವ ಅಕ್ಕಿ ಸುಮಾರು 52 ಕೋಟಿ ಟನ್. ಅದರಲ್ಲಿ ಗಡಿ ದಾಟುವುದು ಐದೂವರೆ-ಆರು ಕೋಟಿ. ಉಳಿದದ್ದು ಬಹುಪಾಲು ಬೆಳೆದ ದೇಶದಲ್ಲೇ ಬೆಂದು ತಟ್ಟೆ ಸೇರುತ್ತದೆ. ಚೀನಾ 14 ಕೋಟಿ ಟನ್ ಮೀರಿ ಬೆಳೆದರೂ ಹೊರಗೆ ಕೊಡುವುದು ನೂರಕ್ಕೆ ಎರಡು ಪಾಲೂ ಅಲ್ಲ. ಥಾಯ್ಲೆಂಡ್ ಬೆಳೆಯುವುದೇ 2 ಕೋಟಿ ಟನ್, ಆದರೆ ಅದರಲ್ಲಿ 80 ಲಕ್ಷ ಮಾರಿಬಿಡುತ್ತದೆ.

ಇನ್ನು ನಮ್ಮದು. 2022-23ರಲ್ಲಿ ಭಾರತ ಬೆಳೆದದ್ದು 13.5 ಕೋಟಿ ಟನ್, ರಫ್ತಾದದ್ದು 2.2 ಕೋಟಿ. ಆರು ಮೂಟೆಗೆ ಒಂದು ಮೂಟೆ. ಆ ಒಂದೇ ಮೂಟೆ ಇಡೀ ಜಗತ್ತಿನ ಅಕ್ಕಿ ವ್ಯಾಪಾರದ ನೂರಕ್ಕೆ ನಲವತ್ತು ಭಾಗ!

50 ಕೆ.ಜಿ. ಚೀಲದ ಲೆಕ್ಕದಲ್ಲಿ ಇದು 44 ಕೋಟಿ ಚೀಲ. ಅಕ್ಕಿ ಹಡಗೇರುವ ಆಂಧ್ರದ ಕಾಕಿನಾಡದ ಹಳೆಯ ಬಂದರಿಗೆ ದೊಡ್ಡ ಹಡಗು ಬರುವುದಿಲ್ಲ, ನೀರಿನ ಆಳ ಸಾಲದು. ದೂರದಲ್ಲಿ ಲಂಗರು ಹಾಕಿ ನಿಂತ ಹಡಗಿಗೆ ಬಾರ್ಜ್‌ಗಳಲ್ಲಿ ಚೀಲ ಸಾಗಿಸಬೇಕು. 25,000 ಟನ್ನಿನ ಒಂದು ಹಡಗು ತುಂಬಲು 5 ಲಕ್ಷ ಚೀಲ ಬೇಕು, ಹಮಾಲರ ಬೆನ್ನು ಬೇಕು.

ಅಕ್ಕಿಯ ಜೊತೆಗೆ ಹೋಗುವ ನೀರನ್ನು ಯಾವ ಕಸ್ಟಮ್ಸ್ ಕಚೇರಿಯೂ ಎಣಿಸುವುದಿಲ್ಲ. ಒಂದು ಕಿಲೋ ಭತ್ತಕ್ಕೆ ಸರಾಸರಿ 2,500 ಲೀಟರ್ ನೀರು ಬೇಕೆಂಬುದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅಂದಾಜು. ಮಳೆಯೂ ಇಂಗಿದ್ದೂ ಅದರಲ್ಲೇ ಸೇರಿದೆ, ನಿಜ. ಆದರೂ ರಫ್ತಾದ ಅಕ್ಕಿಗೆ ಗುಣಿಸಿ ನೋಡಿ: ಹತ್ತಿರ ಹತ್ತಿರ 2,000 ಟಿಎಂಸಿ. ಕನ್ನಂಬಾಡಿಯ ಕೆಆರ್‌ಎಸ್ ತುಂಬಿದಾಗ ಹಿಡಿಯುವುದು 49. ಅಂದರೆ 40 ಕನ್ನಂಬಾಡಿ. ಭತ್ತ ಅಕ್ಕಿಯಾಗುವಾಗ ಹೊಟ್ಟು, ತೌಡು ಕಳೆಯುವುದರಿಂದ ಈ ಲೆಕ್ಕವೂ ಕಡಿಮೆಯೇ.

ಮಳೆ ಕೈಕೊಡುವ ಭಯ, ದೇಶದೊಳಗೆ ಬೆಲೆ ಏರುವ ಭಯ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಆಗಸ್ಟ್‌ನಲ್ಲಿ ಕುಚ್ಚಲಕ್ಕಿಗೆ ಶೇ 20ರಷ್ಟು ಸುಂಕ ಬಿತ್ತು. ಥಾಯ್ ಅಕ್ಕಿ ಟನ್ನಿಗೆ 600 ಡಾಲರ್ ದಾಟಿತು, ಜಾಗತಿಕ ಅಕ್ಕಿ ಬೆಲೆ 15 ವರ್ಷಗಳಲ್ಲೇ ಅತಿ ಎತ್ತರಕ್ಕೆ ಹೋಯಿತು. ಅಮೆರಿಕದಲ್ಲಿ ನಮ್ಮವರು ಸೋನಾ ಮಸೂರಿಗೆ ಸಾಲು ನಿಂತರು, ಕೆಲವು ಅಂಗಡಿಗಳಲ್ಲಿ ಮನೆಗೊಂದೇ ಚೀಲ. ಅವರ ಸಂಕಟ ಸುದ್ದಿಯಾಯಿತು. ನಮ್ಮ ಅಕ್ಕಿಯನ್ನೇ ನೆಚ್ಚಿಕೊಂಡ ಬೆನಿನ್, ಟೋಗೊಗಳ ಅಡುಗೆಮನೆಗೆ ಕ್ಯಾಮೆರಾ ಹೋಗಲಿಲ್ಲ.

ಅದೇ ಮಳೆಗಾಲದಲ್ಲಿ ಕರ್ನಾಟಕ ಅನ್ನಭಾಗ್ಯ ಪಡಿತರ ಯೋಜನೆಗಾಗಿ ತಿಂಗಳಿಗೆ 2.28 ಲಕ್ಷ ಟನ್ ಹೆಚ್ಚುವರಿ ಅಕ್ಕಿ ಹುಡುಕುತ್ತಿತ್ತು. ಹಿಂದಿನ ಸಾಲಿನ ರಫ್ತಿಗೆ ಹೋಲಿಸಿದರೆ ಅದು ನಾಲ್ಕು ದಿನದ ಸರಕು. ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಮಾರುವುದನ್ನು ಕೇಂದ್ರ ಜೂನ್‌ನಲ್ಲೇ ನಿಲ್ಲಿಸಿದ್ದರಿಂದ, ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಫಲಾನುಭವಿಗಳ ಖಾತೆಗೆ ಬಂತು.

2024ರ ಸೆಪ್ಟೆಂಬರ್‌ನಲ್ಲಿ ನಿಷೇಧ ತೆರವಾಯಿತು. ಅಷ್ಟರಲ್ಲಿ ಕೇಂದ್ರದ ಗೋದಾಮುಗಳು ಬಿರಿಯುವಂತಾಗಿದ್ದವು. 2025ರ ಆರಂಭದಲ್ಲಿ ಅದೇ ಅಕ್ಕಿ ರಾಜ್ಯಗಳಿಗೆ ಕಿಲೋಗೆ 22 ರೂಪಾಯಿ 50 ಪೈಸೆಗೆ ಸಿಕ್ಕಿತು. ಅದೇ ದರಕ್ಕೆ ಕೊಳ್ಳಲು ಇನ್ನೊಬ್ಬ ಗಿರಾಕಿಯೂ ಬಂದಿದ್ದ: ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಕಾರ್ಖಾನೆ. ಅದರ ಪಾಲಿಗೆ ಗೊತ್ತುಮಾಡಿದ್ದು 52 ಲಕ್ಷ ಟನ್.