ಪೂಜೆಯಲ್ಲಿ ಹಾಡುವುದು, ಪೂಜೆಯನ್ನು ಹಾಡುವುದು

ನಮ್ಮ ಹಳೆಯ ಧರ್ಮಕೇಂದ್ರಗಳಲ್ಲಿ ಭಾನುವಾರದ ಗಾಯನಕ್ಕೊಂದು ರೂಢಿಯಿದೆ. ಪ್ರವೇಶ, ಕಾಣಿಕೆ, ಪರಮಪ್ರಸಾದ, ಮುಕ್ತಾಯ ಎಂಬ ನಾಲ್ಕು ಸಂದರ್ಭಗಳಿಗೆ ಗಾಯನವೃಂದವು ನಾಲ್ಕು ಗೀತೆಗಳನ್ನು ಮುಂಚಿತವಾಗಿ ಆರಿಸಿ, ಹಾರ್ಮೋನಿಯಂ ಇಲ್ಲವೇ ಕೀಬೋರ್ಡಿನೊಡನೆ ಅಭ್ಯಾಸ ಮಾಡಿಕೊಳ್ಳುತ್ತದೆ. ಇದರಲ್ಲಿ ಭಕ್ತಿಯೂ ಶ್ರಮವೂ ಇವೆ. ಆದರೆ ಯಾಜಕರೂ ಸಭೆಯೂ ಪರಸ್ಪರ ನುಡಿಯುವ ಮಾತುಗಳು ಬಹುಪಾಲು ಬರಿಯ ಓದಾಗಿಯೇ ಉಳಿಯುತ್ತವೆ.

ಈ ರೂಢಿಯ ಬೇರು ಲತೀನ್ ಪೂಜಾವಿಧಿಯ ಕಾಲದ್ದು. ಗಾಯನವಿಲ್ಲದ ಸರಳ ಪೂಜೆಯಲ್ಲಿ ಯಾಜಕರು ತಗ್ಗಿದ ದನಿಯಲ್ಲಿ ಲತೀನ್ ಪಠಿಸುತ್ತಿದ್ದಾಗ ಜನರು ತಮ್ಮ ನುಡಿಯ ಭಕ್ತಿಗೀತೆಗಳನ್ನು ಹಾಡುತ್ತಿದ್ದರು. ಹಾಡು ಪೂಜೆಗೆ ಸಮಾನಾಂತರವಾಗಿ ಸಾಗುತ್ತಿತ್ತು, ಪೂಜೆಯೇ ಹಾಡಾಗಿರಲಿಲ್ಲ. ಭಾಷೆ ಬದಲಾಯಿತು, ವಿನ್ಯಾಸ ಉಳಿಯಿತು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ಸಂವಿಧಾನದಲ್ಲಿ ಸಂಗೀತವನ್ನು ವಿಧ್ಯುಕ್ತ ಆರಾಧನೆಯ ಅವಿಭಾಜ್ಯ ಅಂಗವೆಂದು ಕರೆಯಿತು. ಅದರ ಅನುಷ್ಠಾನಕ್ಕಾಗಿ 1967ರ ಮಾರ್ಚ್ 5ರಂದು ಹೊರಟ ‘ಮೂಸಿಕಾಮ್ ಸಾಕ್ರಾಮ್’ ಎಂಬ ನಿರ್ದೇಶನವು ಗಾಯನವನ್ನು ಮೂರು ಮಟ್ಟಗಳಾಗಿ ವಿಂಗಡಿಸುತ್ತದೆ. ಯಾಜಕರ ವಂದನೆ ಮತ್ತು ಸಭೆಯ ಮರುನುಡಿ, ಶುಭಸಂದೇಶದ ಘೋಷಗಳು, ಕೃತಜ್ಞತಾ ಪ್ರಾರ್ಥನೆಯ ಆರಂಭದ ಸಂವಾದ, ಸಾಂಕ್ಟುಸ್, ಪ್ರಭುವಿನ ಪ್ರಾರ್ಥನೆ ಮುಂತಾದವು ಮೊದಲನೆಯವು. ಕರುಣಾಸ್ತೋತ್ರ, ಮಹಿಮಾಗೀತೆ, ವಿಶ್ವಾಸಪ್ರಮಾಣ ಇತ್ಯಾದಿ ಎರಡನೆಯವು. ನಾವು ಅತ್ಯಂತ ಮುತುವರ್ಜಿಯಿಂದ ಅಭ್ಯಸಿಸುವ ಪ್ರವೇಶ, ಕಾಣಿಕೆ, ಪರಮಪ್ರಸಾದದ ಗೀತೆಗಳು ಬರುವುದು ಮೂರನೆಯದರಲ್ಲಿ! ಮೊದಲನೆಯದನ್ನು ಬಿಟ್ಟು ಉಳಿದೆರಡನ್ನು ಹಾಡಬಾರದೆಂಬುದು ಅಲ್ಲಿಯ ನಿಯಮ. ನಾವು ಏಣಿಯನ್ನು ಮೇಲಿನಿಂದ ಹತ್ತುತ್ತಿದ್ದೇವೆ.

ಇದು ಕೇವಲ ಶಿಸ್ತಿನ ಪ್ರಶ್ನೆಯಲ್ಲ. ಸಂವಾದದಲ್ಲಿ ಸಭೆಯು ಸ್ನಾನದೀಕ್ಷೆಯಿಂದ ತನಗೆ ದೊರೆತ ಯಾಜಕತ್ವವನ್ನು ಚಲಾಯಿಸುತ್ತದೆ. ಅಕ್ಷರ ಬಾರದ ಅಜ್ಜಿಗೂ ಆ ಮರುನುಡಿಗೆ ಪುಸ್ತಕ ಬೇಕಿಲ್ಲ. ವಾರವಾರವೂ ಬದಲಾಗುವ ಗೀತೆಯಲ್ಲಿ ಆಕೆ ಕೇಳುಗಳು ಮಾತ್ರ. ಗಾಯನವೃಂದ ಚೆನ್ನಾಗಿ ಹಾಡಿದಷ್ಟೂ ಸಭೆ ಮೌನವಾಗುವುದಾದರೆ ಆ ಸೊಗಸಿನ ಬೆಲೆಯನ್ನು ತೆತ್ತವರು ಯಾರು?

ಕೀರ್ತನೆಯ ಗತಿಯೂ ಹೀಗೆಯೇ. ಅದರ ಸ್ಥಾನದಲ್ಲಿ ಬೇರೆ ಗೀತೆ ಸಲ್ಲದೆಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನ ಸ್ಪಷ್ಟವಾಗಿ ಹೇಳಿದರೂ ಜನಪ್ರಿಯ ಭಕ್ತಿಗೀತೆಯೊಂದು ಅಲ್ಲಿ ಬಂದು ಕೂರುವುದುಂಟು. ಕೀರ್ತನೆಗೆ ಹೊಂದುವ ಕಲೆ ಕನ್ನಡದಲ್ಲೇ ಇದೆ. ಗಮಕದಲ್ಲಿ ರಾಗವಿದೆ, ತಾಳದ ಬಿಗಿಯಿಲ್ಲ. ಪದದ ಅರ್ಥವೇ ಸ್ವರವನ್ನು ನಡೆಸುತ್ತದೆ. ಸ್ಥಳೀಯ ಸಂಗೀತಪರಂಪರೆಗೆ ಆರಾಧನೆಯಲ್ಲಿ ಯುಕ್ತ ಸ್ಥಾನವಿರಲಿ ಎಂಬ ಮಹಾಸಭೆಯ ಆಶಯಕ್ಕೆ ಇದಕ್ಕಿಂತ ಹತ್ತಿರದ ದಾರಿ ನಮಗೆ ಕಾಣದು. ಕೀಬೋರ್ಡಿನ ಸಿದ್ಧ ತಾಳವನ್ನು ಅಷ್ಟು ಹೊತ್ತು ನಿಲ್ಲಿಸಬೇಕು, ಅಷ್ಟೆ.

ತಮಗೆ ಕಂಠವಿಲ್ಲವೆನ್ನುವುದು ಯಾಜಕರ ಸಾಮಾನ್ಯ ಆಕ್ಷೇಪ. ಕಷ್ಟದ ಭಾಗಗಳನ್ನು ಸ್ಪಷ್ಟವಾಗಿ ಓದಲು ಅದೇ ನಿರ್ದೇಶನವು ಅವಕಾಶ ಕೊಡುತ್ತದೆ. ಆದರೆ ಸ್ವಂತ ಅನುಕೂಲವೊಂದೇ ಅದಕ್ಕೆ ಕಾರಣವಾಗಕೂಡದು ಎನ್ನುತ್ತದೆ. ವಂದನೆಗೂ ಮರುನುಡಿಗೂ ಬೇಕಾದುದು ಎರಡು ಮೂರು ಸ್ವರಗಳು. ಗುರುಮಠದ ವಿದ್ಯಾರ್ಥಿಗಳು ಅವನ್ನು ಮೊದಲ ವರ್ಷದಲ್ಲೇ ಕಲಿತುಕೊಳ್ಳಬಹುದು.